ನೆರಳಲ್ಲಿರೋ ಗಿಡಕ್ಕೆ ಹುಳ ಯಾಕೆ ಜಾಸ್ತಿ?

"ಒತ್ತಾಗಿ ಬಿತ್ತಬೇಡ, ಹುಳ ಬೀಳತ್ತೆ." ಮನೆಯಲ್ಲಿ ಹೊಲ ಇರುವವರು ಈ ಮಾತನ್ನು ಕೇಳಿಯೇ ಇರುತ್ತೀರಿ. ನಮ್ಮ ಓದುಗುಂಪಿನ ಆರು ಜನರಲ್ಲಿ ಮೂವರು ಕೇಳಿದ್ದಾರೆ. ಉಳಿದ ಮೂವರು ಅಪಾರ್ಟ್‌ಮೆಂಟಿನಲ್ಲಿ ಬೆಳೆದವರು, ಅವರ ಕೃಷಿ ಅನುಭವ ಅಂದರೆ ಬಾಲ್ಕನಿಯ ಟೊಮೆಟೊ ಕುಂಡ. ಆದರೆ ಅವರೂ ಒಂದು ವಿಷಯ ನೋಡಿದ್ದಾರೆ: ಬಿಸಿಲು ಬೀಳದ ಮೂಲೆಯ ಗಿಡ ಉದ್ದಕ್ಕೆ, ತೆಳ್ಳಗೆ ಬೆಳೆಯತ್ತೆ, ಮೊದಲು ಹುಳ ಹತ್ತೋದೂ ಅದಕ್ಕೇ.

ಯಾಕೆ ಅಂತ ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರ ಸಿಗುತ್ತವೆ. ಒತ್ತಾಗಿದ್ದರೆ ಗಾಳಿ ಆಡಲ್ಲ, ತೇವ ಆರಲ್ಲ. ಹುಳಕ್ಕೆ ಅಡಗೋಕೆ ಜಾಗ ಸಿಗತ್ತೆ. ಹೊಡೆದ ಔಷಧಿ ಬುಡದವರೆಗೆ ಇಳಿಯಲ್ಲ. ಮೂರೂ ನಿಜವೇ. ಆದರೆ ಈ ಮೂರರಲ್ಲೂ ಗಿಡ ಅನ್ನೋದು ಸುಮ್ಮನೆ ನಿಂತಿರುವ ಒಂದು ತಟ್ಟೆ, ಹುಳ ಬಂದು ತಿಂದು ಹೋಗತ್ತೆ ಅಷ್ಟೇ. ಕಳೆದ ಮೂವತ್ತು ಚಿಲ್ಲರೆ ವರ್ಷಗಳ ಸಂಶೋಧನೆ ಇದಕ್ಕೆ ನಾಲ್ಕನೆಯ ಕಾರಣವೊಂದನ್ನು ಸೇರಿಸಿದೆ. ಒತ್ತಿನಲ್ಲಿರುವ ಗಿಡ ತನ್ನ ಕಾವಲನ್ನು ತಾನೇ ಇಳಿಸಿಕೊಳ್ಳುತ್ತದೆ. ಶಕ್ತಿ ಸಾಲದೆ ಇಳಿಸಿಕೊಳ್ಳೋದಲ್ಲ; ಬೆಳಕಿನಲ್ಲಿ ಬಂದ ಒಂದು ಸುದ್ದಿಯನ್ನು ಓದಿ ಇಳಿಸಿಕೊಳ್ಳುತ್ತದೆ. ನಮ್ಮನ್ನು ಎರಡು ವಾರ ಕೂರಿಸಿ ಓದಿಸಿದ್ದು ಈ ನಾಲ್ಕನೆಯ ಕಾರಣವೇ.

ಎಂಜಿನಿಯರಿಂಗ್ ಓದುವವರಿಗೆ ಇದನ್ನು ವಿವರಿಸೋದು ಸುಲಭ. ನಿಮ್ಮ ಯುಎಸ್‌ಬಿ ಕೇಬಲ್ ಬಿಚ್ಚಿ ನೋಡಿದರೆ ಒಳಗೆ ಪವರ್‌ಗೆ ಬೇರೆ ತಂತಿ, ಡೇಟಾಗೆ ಬೇರೆ ತಂತಿ ಇರುತ್ತವೆ. ಬಿಸಿಲೂ ಹಾಗೇ. ಶಾಲೆಯಲ್ಲಿ ನಮಗೆ ಪವರ್ ತಂತಿಯ ಬಗ್ಗೆ ಮಾತ್ರ ಹೇಳಿಕೊಟ್ಟರು: ಫೋಟೋಸಿಂಥೆಸಿಸ್, ಗ್ಲೂಕೋಸ್, ಆಕ್ಸಿಜನ್, ಚಿತ್ರ ಬಿಡಿಸಿದರೆ ಐದು ಮಾರ್ಕ್ಸ್. (ದ್ಯುತಿಸಂಶ್ಲೇಷಣೆ ಅನ್ನೋ ಪದ ನಮಗೆ ಸಿಕ್ಕಿದ್ದೇ ಈ ಕ್ಲಬ್‌ಗೆ ಸೇರಿದ ಮೇಲೆ. ಉಚ್ಚಾರಣೆ ಈಗಲೂ ಪ್ರಾಕ್ಟೀಸ್ ಆಗ್ತಿದೆ.) ಈ ಲೇಖನದಲ್ಲಿ ನೋಡೋಣ ಅಂದುಕೊಂಡಿರೋದು ಆ ಇನ್ನೊಂದು ತಂತಿಯನ್ನು.

ಗಿಡದ ಕಾವಲು ಅಂದರೆ ಏನು

ಹುಳ ಬಂದಾಗ ಗಿಡ ಎದ್ದು ಓಡೋಕೆ ಆಗಲ್ಲ, ಹಾಗಾಗಿ ಅದರ ಯುದ್ಧ ಎಲ್ಲ ಕೆಮಿಸ್ಟ್ರಿಯಲ್ಲೇ ನಡೆಯತ್ತೆ. ಸಾಸಿವೆಯ ಘಾಟು, ಹತ್ತಿ ಗಿಡದ ಗಾಸಿಪಾಲ್, ಟೊಮೆಟೊ ಎಲೆ ಮುಟ್ಟಿದರೆ ಕೈಗೆ ಹತ್ತುವ ಅಂಟು ಮತ್ತು ವಾಸನೆ, ಎಲ್ಲವೂ ಆಯುಧಗಳೇ. ಎಳೆ ಜೋಳದ ಪೈರಿಗೆ ದನ ನುಗ್ಗಿದರೆ ಸಾಯತ್ತೆ ಅಂತ ಹಳ್ಳಿಯಲ್ಲಿ ಹೆದರುತ್ತಾರಲ್ಲ, ಅದಕ್ಕೆ ಕಾರಣ ಎಳೆ ಎಲೆಯಲ್ಲಿರುವ ಧುರಿನ್ ಎಂಬ ವಸ್ತು. ಅಗಿದಾಗ ಅದರಿಂದ ಸಯನೈಡ್ ಹೊರಗೆ ಬರುತ್ತದೆ. ದನಕ್ಕೇ ಹೀಗೆ, ಇನ್ನು ಹುಳದ ಪಾಡು ಊಹಿಸಿ.

ಆದರೆ ಎಲ್ಲ ಆಯುಧವನ್ನೂ ಯಾವಾಗಲೂ ಹಿಡಿದು ನಿಂತಿರೋದು ದುಬಾರಿ. ಹಾಗಾಗಿ ಕೆಲವನ್ನು ಗಿಡ ಬೇಕಾದಾಗ ಮಾತ್ರ ತಯಾರಿಸುತ್ತದೆ. 1972ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಗ್ರೀನ್ ಮತ್ತು ರಯಾನ್ ಎಂಬಿಬ್ಬರು ಇದನ್ನು ಟೊಮೆಟೊ, ಆಲೂಗಡ್ಡೆ ಗಿಡಗಳಲ್ಲಿ ತೋರಿಸಿದರು. ಜೀರುಂಡೆ ಒಂದು ಎಲೆಯನ್ನು ಕಡಿದರೆ, ಅದು ಮುಟ್ಟದೇ ಇರುವ ಬೇರೆ ಎಲೆಗಳಲ್ಲೂ ಒಂದು ವಿಶೇಷ ಪ್ರೋಟೀನ್ ತುಂಬಿಕೊಳ್ಳತೊಡಗುತ್ತದೆ. ಈ ಪ್ರೋಟೀನ್ ಹುಳದ ಹೊಟ್ಟೆಯೊಳಗಿನ ಜೀರ್ಣಕಿಣ್ವಗಳನ್ನು ಕಟ್ಟಿಹಾಕುತ್ತದೆ. ಹುಳ ಎಷ್ಟು ತಿಂದರೂ ಮೈಗೆ ಹತ್ತಲ್ಲ. ನಮ್ಮ ಹಾಸ್ಟೆಲ್ ಮೆಸ್ ಊಟದ ಥರ ಅಂತ ಒಬ್ಬರು ಹೇಳಿದರು, ಅದನ್ನು ಇಲ್ಲಿ ಹಾಕಬೇಡ ಅಂತ ಇನ್ನೊಬ್ಬರು ಹೇಳಿದರು.

ಒಂದು ಎಲೆಗೆ ಗಾಯ ಆಗಿದ್ದು ಇಡೀ ಗಿಡಕ್ಕೆ ಹೇಗೆ ಗೊತ್ತಾಯಿತು? ಈ ಕಥೆಯಲ್ಲಿ ಮುಖ್ಯ ಪಾತ್ರ ಜಾಸ್ಮೋನಿಕ್ ಆಮ್ಲ ಮತ್ತು ಅದರ ಬಂಧುಗಳದ್ದು. ಒಟ್ಟಾಗಿ ಜಾಸ್ಮೋನೇಟ್ ಅನ್ನೋಣ. ಹೆಸರು ಬಂದಿದ್ದು ಹೂವಿನಿಂದ. 1962ರಲ್ಲಿ ಇವುಗಳಲ್ಲೊಂದನ್ನು ಮೊದಲು ಬೇರ್ಪಡಿಸಿದ್ದು ಜಾಜಿ ಹೂವಿನ ಎಣ್ಣೆಯಿಂದ, ಆಗ ಅದು ಬರೀ ಸುಗಂಧದ ವಿಷಯ. ಮುಡಿಯೋ ಜಾಜಿಯ ಪರಿಮಳದಲ್ಲಿರುವ ವಸ್ತುವೇ ಟೊಮೆಟೊ ಗಿಡದಲ್ಲಿ ಅಪಾಯದ ಸೈರನ್ ಅಂತ ಆಮೇಲೆ ಗೊತ್ತಾಯಿತು.

ಸೈರನ್ ಹೇಗೆ ಕೆಲಸ ಮಾಡತ್ತೆ ಅನ್ನೋದು ಇನ್ನೂ ಚೆನ್ನಾಗಿದೆ. ಆಯುಧ ತಯಾರಿಸುವ ಜೀನ್‌ಗಳನ್ನು ಆನ್ ಮಾಡೋ ಪ್ರೋಟೀನ್‌ಗಳು ಜೀವಕೋಶದಲ್ಲಿ ಯಾವಾಗಲೂ ರೆಡಿ ಇರುತ್ತವೆ. ಆದರೆ ಅವುಗಳ ಮೇಲೆ ಜಾಜ್ ಅನ್ನೋ ಇನ್ನೊಂದು ಪ್ರೋಟೀನ್ ಕುಟುಂಬ ಕೂತು, ಕೈ ಕಟ್ಟಿಹಾಕಿರುತ್ತದೆ. ಹುಳ ಕಡಿದಾಗ ಜಾಸ್ಮೋನೇಟ್ ಉತ್ಪತ್ತಿಯಾಗುತ್ತದೆ, ಅದರಿಂದ ಜಾಜ್‌ಗೆ ಚೀಟಿ ಅಂಟುತ್ತದೆ, ಚೀಟಿ ಅಂಟಿದ ಜಾಜ್ ಅನ್ನು ಕೋಶ ಒಡೆದುಹಾಕುತ್ತದೆ. ಕಟ್ಟು ಬಿಚ್ಚಿತು, ಆಯುಧದ ಕಾರ್ಖಾನೆ ಶುರು. ಅಂದರೆ ಗಿಡ ಆಕ್ಸಿಲರೇಟರ್ ಒತ್ತಲ್ಲ, ಬ್ರೇಕ್ ತೆಗೆಯತ್ತೆ. 2007ರಲ್ಲಿ ಬೆಳಕಿಗೆ ಬಂದ ಈ ಬ್ರೇಕ್ ಅನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗತ್ತೆ.

ಕೆಂಪಿನಾಚೆಯ ಬಣ್ಣ

ಈಗ ಬೆಳಕಿಗೆ ಬರೋಣ. ಎಲೆ ಹಸಿರು ಯಾಕೆ ಅಂದರೆ ಕ್ಲೋರೋಫಿಲ್ ಕೆಂಪು ಮತ್ತು ನೀಲಿಯನ್ನು ಹೀರಿಕೊಳ್ಳತ್ತೆ ಅಂತ ಎಲ್ಲರಿಗೂ ಗೊತ್ತು. ಕೆಂಪಿನ ಅಂಚು ದಾಟಿ, ನಮ್ಮ ಕಣ್ಣಿಗೆ ಕಂಡೂ ಕಾಣದ ಹಾಗಿರುವ ಒಂದು ಪಟ್ಟಿ ಇದೆ, ಸುಮಾರು 730 ನ್ಯಾನೋಮೀಟರ್ ಹತ್ತಿರ. ಇದನ್ನು ದೂರಗೆಂಪು ಅನ್ನೋಣ. ಎಲೆ 660 ನ್ಯಾನೋಮೀಟರಿನ ಕೆಂಪನ್ನು ಹೆಚ್ಚುಕಡಿಮೆ ಪೂರ್ತಿ ನುಂಗತ್ತೆ, ಆದರೆ ದೂರಗೆಂಪನ್ನು ಬಹುಪಾಲು ಆಚೆ ದಾಟಿಸತ್ತೆ ಇಲ್ಲವೇ ಪಕ್ಕಕ್ಕೆ ಚಿಮ್ಮಿಸತ್ತೆ. ಉಪಗ್ರಹದಿಂದ ಬೆಳೆ ಎಲ್ಲಿದೆ ಅಂತ ಗುರುತಿಸೋದೂ ಇದೇ ತತ್ವದ ಮೇಲೆ: ಕೆಂಪು ಕಡಿಮೆ, ಅದರಾಚೆಯದು ಜಾಸ್ತಿ ಅಂದರೆ ಅಲ್ಲಿ ಹಸಿರಿದೆ.

ಗಿಡ ಕೂಡ ಇದೇ ಟ್ರಿಕ್ ಬಳಸುತ್ತದೆ. ಬಯಲಿನ ಬಿಸಿಲಿನಲ್ಲಿ ಕೆಂಪಿಗೂ ದೂರಗೆಂಪಿಗೂ ಇರುವ ಅನುಪಾತ ಸುಮಾರು 1.2. ದಟ್ಟವಾದ ಎಲೆಗಳ ಅಡಿಯಲ್ಲಿ ಅದು 0.1ರವರೆಗೂ ಇಳಿಯಬಹುದು. ಗಮನಿಸಿ, ಇದು ಬೆಳಕು ಎಷ್ಟಿದೆ ಅನ್ನೋ ಲೆಕ್ಕ ಅಲ್ಲ. ಮೋಡ ಕವಿದರೆ ಬೆಳಕು ಕಡಿಮೆಯಾಗತ್ತೆ, ಆದರೆ ಅನುಪಾತ ಹೆಚ್ಚು ಬದಲಾಗಲ್ಲ. ಅನುಪಾತ ಜೋರಾಗಿ ಬಿತ್ತು ಅಂದರೆ ಅರ್ಥ ಒಂದೇ, ಪಕ್ಕದಲ್ಲಿ ಇನ್ನೊಂದು ಗಿಡ ಇದೆ.

ಇದನ್ನು ಅಳೆಯುವ ಸೆನ್ಸರ್ ಫೈಟೋಕ್ರೋಮ್. ಕೆಂಪು ಬಿದ್ದರೆ ಒಂದು ರೂಪಕ್ಕೆ ತಿರುಗತ್ತೆ, ಅದು ಕೆಲಸ ಮಾಡುವ ರೂಪ. ದೂರಗೆಂಪು ಬಿದ್ದರೆ ಇನ್ನೊಂದಕ್ಕೆ, ಅದು ಸುಮ್ಮನಿರುವ ರೂಪ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದವರು ಲೆಟಿಸ್ ಬೀಜದ ಮೇಲೆ ಕೆಂಪು, ದೂರಗೆಂಪು, ಕೆಂಪು, ದೂರಗೆಂಪು ಅಂತ ಸರದಿಯಲ್ಲಿ ಬೆಳಕು ಬಿಟ್ಟು ನೋಡಿದರು. ಎಷ್ಟು ಸಲ ಬದಲಾಯಿಸಿದರೂ ಮೊಳಕೆ ಬರೋದು ಬಿಡೋದು ತೀರ್ಮಾನವಾಗಿದ್ದು ಕೊನೆಯ ಬಣ್ಣದಿಂದ. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಫ್ಲಿಪ್-ಫ್ಲಾಪ್ ನೆನಪಾಗಬೇಕು. ಬೀಜದೊಳಗೆ ಒಂದು ಬಿಟ್ ಮೆಮರಿ!

ಮುಂದಿನ ಪ್ರಯೋಗ ನಮಗೆ ತುಂಬಾ ಇಷ್ಟವಾಗಿದ್ದು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಕಾರ್ಲೋಸ್ ಬಯಾರೆ ಅನ್ನೋ ವಿಜ್ಞಾನಿ ಮತ್ತು ಸಂಗಡಿಗರು ಒಂದು ಪ್ರಶ್ನೆ ಇಟ್ಟುಕೊಂಡಿದ್ದರು: ಪಕ್ಕದ ಗಿಡದ ನೆರಳು ಇನ್ನೂ ಬೀಳದೇ ಇರುವಾಗಲೇ ಗಿಡಕ್ಕೆ ನೆರೆಯವರು ಬಂದದ್ದು ಗೊತ್ತಾಗತ್ತಾ? 1990ರಲ್ಲಿ ಪ್ರಕಟವಾದ ಕೆಲಸದಲ್ಲಿ ಅವರು ದತ್ತೂರಿ ಜಾತಿಯ ಗಿಡ ಮತ್ತು ಬಿಳಿ ಸಾಸಿವೆಯ ಸಸಿಗಳ ಕಾಂಡದ ಸುತ್ತ ದ್ರಾವಣ ತುಂಬಿದ ಪಾರದರ್ಶಕ ಕೊಳವೆ ತೊಡಿಸಿದರು. ದ್ರಾವಣ ಯಾವುದು ಗೊತ್ತಾ? ಮೈಲುತುತ್ತ. ಅಡಿಕೆ ತೋಟದವರ ಮನೆಯಲ್ಲಿ ಬೋರ್ಡೋ ಮಿಶ್ರಣಕ್ಕೆ ತಂದಿಟ್ಟಿರ್ತಾರಲ್ಲ, ಅದೇ ನೀಲಿ ಹರಳು. ಮೈಲುತುತ್ತದ ನೀರು ದೂರಗೆಂಪನ್ನು ಹೀರಿಕೊಳ್ಳತ್ತೆ. ಒತ್ತಿನಲ್ಲಿರುವ ಮಾಮೂಲಿ ಸಸಿಗಳು ಬೇಗಬೇಗ ಉದ್ದವಾದವು, ಕೊಳವೆ ತೊಟ್ಟ ಸಸಿಗಳ ಓಟ ತಗ್ಗಿತು. ಪಕ್ಕದವರಿಂದ ಚಿಮ್ಮಿ ಬರೋ ದೂರಗೆಂಪು ಅವುಗಳ ಕಾಂಡ ತಲುಪಲಿಲ್ಲ, ಅಂದರೆ ಸುದ್ದಿ ಮುಟ್ಟಲಿಲ್ಲ.

ಇಲ್ಲಿಯವರೆಗೆ ಬಂದಿದ್ದು ಎತ್ತರದ ವಿಷಯ. ಹುಳ ಎಲ್ಲಿ ಬಂತು?

2006ರಲ್ಲಿ ಅದೇ ಬಯಾರೆಯವರ ಗುಂಪು ತಂಬಾಕಿನ ಕಾಡು ಸಂಬಂಧಿಯೊಂದರ ಪಕ್ಕ ದೂರಗೆಂಪು ದೀಪ ಇಟ್ಟಿತು. ಮೇಲಿಂದ ಬರುವ ಬೆಳಕು ಹಾಗೇ ಇದೆ. ನೆರಳಿಲ್ಲ, ಒತ್ತಿಲ್ಲ, ಪಕ್ಕದಲ್ಲಿ ನಿಜವಾದ ಗಿಡವೂ ಇಲ್ಲ. ಇರೋದು ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನೋ ಸುಳ್ಳು ಸುದ್ದಿ ಮಾತ್ರ. ಅಷ್ಟಕ್ಕೇ ಗಿಡದ ರಕ್ಷಣಾ ರಾಸಾಯನಿಕಗಳು ಕಡಿಮೆಯಾದವು, ಅದರ ಎಲೆ ತಿಂದ ಮರಿಹುಳಗಳು ದಪ್ಪವಾದವು. ಇಲ್ಲಿ ಒಂದು ನಿಮಿಷ ನಿಲ್ಲೋಣ, ಇಡೀ ಲೇಖನದ ಗಂಟು ಇದೇ. ಗಿಡದ ಊಟದಲ್ಲಿ ಒಂದು ತುತ್ತೂ ಕಡಿಮೆ ಮಾಡಿಲ್ಲ. ಹಾಗಾಗಿ ನೆರಳಿನಲ್ಲಿ ಶಕ್ತಿ ಸಾಲಲ್ಲ, ಅದಕ್ಕೇ ಗಿಡ ಸೋಲತ್ತೆ ಅನ್ನೋ ವಿವರಣೆ ಇಲ್ಲಿ ನಡೆಯಲ್ಲ. ಪವರ್ ಲೈನ್ ಮುಟ್ಟದೆ, ಬರೀ ಡೇಟಾ ಲೈನಿನಲ್ಲಿ ಬದಲಾವಣೆ ಮಾಡಿ ಗಿಡದ ಕಾವಲು ಇಳಿಸಿದ್ದಾರೆ.

ಒಳಗೆ ಏನಾಗ್ತಿದೆ ಅನ್ನೋದರ ಒಂದು ಭಾಗ 2009ರಲ್ಲಿ ಬಂತು. ಪ್ರಯೋಗಾಲಯಗಳ ಮುದ್ದಿನ ಗಿಡವಾದ ಅರಬಿಡಾಪ್ಸಿಸ್‌ನಲ್ಲಿ, ದೂರಗೆಂಪು ಹಾಯಿಸಿದಾಗ ಗಿಡಕ್ಕೆ ಜಾಸ್ಮೋನೇಟ್ ಮೇಲಿನ ಸೂಕ್ಷ್ಮತೆಯೇ ತಗ್ಗುತ್ತದೆ ಅಂತ ಕಂಡುಬಂತು. ಸೈರನ್ ಅಷ್ಟೇ ಜೋರಾಗಿ ಕೂಗಿದರೂ ಕೇಳಿಸಿಕೊಳ್ಳುವವರು ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾರೆ. ಆಂಪ್ಲಿಫೈಯರ್‌ನ ಇನ್‌ಪುಟ್ ಅದೇ, ಗೇನ್ ಇಳಿಸಿದ್ದಾರೆ ಅಂತ ನಮ್ಮ ಭಾಷೆಯಲ್ಲಿ ಹೇಳಬಹುದು. ಹಿಂದೆ ಹೇಳಿದ ಜಾಜ್ ಬ್ರೇಕ್ ನೆನಪಿದೆಯಲ್ಲ? ಈ ಸ್ಥಿತಿಯಲ್ಲಿ ಕೆಲವು ಜಾಜ್‌ಗಳು ಬೇಗ ಒಡೆಯದೆ ಉಳಿದುಕೊಳ್ಳುತ್ತವೆ, ಬ್ರೇಕ್ ಗಟ್ಟಿಯಾಗಿ ಕೂರುತ್ತದೆ.

ಗಿಡಕ್ಕೆ ಈ ಬುದ್ಧಿ ಯಾಕೆ ಬಂತು? ಕಾಡಿನಲ್ಲಿ ಯೋಚಿಸಿದರೆ ಅರ್ಥವಾಗತ್ತೆ. ಸುತ್ತ ಬೇರೆ ಜಾತಿಯ ಗಿಡಗಳು ಏಳುತ್ತಿರುವಾಗ ಹಿಂದೆ ಬಿದ್ದರೆ ಬಿಸಿಲೇ ಸಿಗಲ್ಲ, ಆಮೇಲೆ ಹುಳದಿಂದ ಎಲೆ ಉಳಿಸಿಕೊಂಡು ಏನು ಮಾಡೋದು? ಮೊದಲು ಎತ್ತರ, ಆಮೇಲೆ ಆಯುಧ. ಆದರೆ ಹೊಲದಲ್ಲಿ ಪಕ್ಕದ ಗಿಡವೂ ಅದೇ ತಳಿ, ಅದೇ ದಿನ ಬಿತ್ತಿದ್ದು, ಅದೇ ವೇಗದಲ್ಲಿ ಏಳುತ್ತದೆ. ಸಿನಿಮಾ ಹಾಲ್‌ನಲ್ಲಿ ಮುಂದಿನವರು ಎದ್ದು ನಿಂತರೆಂದು ಎಲ್ಲರೂ ಎದ್ದು ನಿಂತ ಹಾಗೆ. ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣಲ್ಲ, ಕಾಲು ನೋವು ಮಾತ್ರ ಎಲ್ಲರಿಗೂ. ಹುಳಕ್ಕೆ ಇಡೀ ಹೊಲ ಕಾವಲು ಇಳಿಸಿ ನಿಂತಿದೆ. ನಮ್ಮ ಅಭಿಪ್ರಾಯ ಕೇಳಿದರೆ, ಒತ್ತಾಗಿ ಬಿತ್ತುವುದರಲ್ಲಿ ಆಗುವ ನಷ್ಟದ ಈ ಪಾಲು ಯಾರ ಖರ್ಚಿನ ಪಟ್ಟಿಯಲ್ಲೂ ಕಾಣಲ್ಲ, ಔಷಧಿ ಅಂಗಡಿಯ ಬಿಲ್ಲಿನಲ್ಲಿ ಬೇರೆ ಹೆಸರಿನಲ್ಲಿ ಬರತ್ತೆ.

ಬೆಳವಣಿಗೆ ಮತ್ತು ಕಾವಲು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳೋಕೆ ಆಗೋದೇ ಇಲ್ವಾ? 2016ರಲ್ಲಿ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಗ್ರೆಗ್ ಹೋ ಅವರ ಗುಂಪು ಅರಬಿಡಾಪ್ಸಿಸ್‌ನಲ್ಲಿ ಐದು ಜಾಜ್ ಜೀನ್‌ಗಳನ್ನು ತೆಗೆದುಹಾಕಿತು. ಗಿಡ ಹುಳಕ್ಕೆ ಜಗ್ಗಲಿಲ್ಲ, ಆದರೆ ಕುಳ್ಳಾಯಿತು. ನಂತರ ಅದೇ ಗಿಡದಲ್ಲಿ ಫೈಟೋಕ್ರೋಮ್ ಬಿ ಅನ್ನೂ ತೆಗೆದರು. ಆಗ ಗಿಡ ಚೆನ್ನಾಗಿ ಬೆಳೆಯಿತು, ಕಾವಲೂ ಉಳಿಯಿತು. ಇದು ಬಜೆಟ್ ಸಾಲದ ಸಮಸ್ಯೆ ಮಾತ್ರ ಆಗಿದ್ದರೆ ಹೀಗಾಗಬಾರದಿತ್ತು, ಇದರಲ್ಲಿ ದೊಡ್ಡ ಪಾಲು ವೈರಿಂಗ್‌ನದು. ಹಾಗಂತ ಬಜೆಟ್ ಇಲ್ಲವೇ ಇಲ್ಲ ಅಂತಲೂ ಅಲ್ಲ: ಎರಡು ವರ್ಷದ ನಂತರ ಅದೇ ಗುಂಪು ಹತ್ತು ಜಾಜ್‌ಗಳನ್ನು ತೆಗೆದಾಗ ಗಿಡ ಸೊರಗಿತು, ಬೀಜವೂ ಕಡಿಮೆಯಾಯಿತು.

ನಮ್ಮ ಹೊಲಗಳಲ್ಲಿ

2009ರ ಆ ಪ್ರಯೋಗದಲ್ಲಿ ಎಲೆ ತಿನ್ನೋಕೆ ಬಿಟ್ಟಿದ್ದ ಹುಳ ಯಾವುದು ಅಂತ ಓದಿದಾಗ ನಮ್ಮ ಗುಂಪಿನ ದಾವಣಗೆರೆ ಕಡೆಯವರು ಎದ್ದು ಕೂತರು. ಅದು ಫಾಲ್ ಆರ್ಮಿವರ್ಮ್, ಅಮೆರಿಕ ಖಂಡದ ಸೈನಿಕ ಹುಳ. ಭಾರತದಲ್ಲಿ ಇದು ಮೊದಲು ಕಂಡುಬಂದಿದ್ದು ನಮ್ಮಲ್ಲೇ, 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಅಲ್ಲಿಂದ ದೇಶದ ತುಂಬ ಹರಡಿತು. ಸುಳಿಯೊಳಗೆ ಕೂತು ತಿನ್ನೋದರಿಂದ ಮೇಲಿಂದ ಹೊಡೆದ ಔಷಧಿ ಸುಲಭವಾಗಿ ತಾಕಲ್ಲ, ಮತ್ತೆ ಮತ್ತೆ ಹೊಡೆಯಬೇಕಾಗತ್ತೆ. ಅರಬಿಡಾಪ್ಸಿಸ್‌ನಲ್ಲಿ ಕಂಡದ್ದನ್ನು ಹಾಗೇ ಮೆಕ್ಕೆಜೋಳಕ್ಕೆ ಅಂಟಿಸೋಕೆ ಬರಲ್ಲ, ಎರಡೂ ದೂರದ ಸಂಬಂಧಿಗಳು. ಆದರೆ ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಬಿಡಿ ಅಂತ ಹೇಳಿದಾಗ ಅದನ್ನು ಬೇರು, ಗೊಬ್ಬರ, ನೀರಿನ ಲೆಕ್ಕ ಅಂತ ಮಾತ್ರ ಓದಬೇಕಾಗಿಲ್ಲ. ಆ ಜಾಗದಲ್ಲಿ ಕೆಂಪು ಬೆಳಕು ಕೂಡ ಓಡಾಡುತ್ತದೆ.

ಭತ್ತದಲ್ಲಿ ಇದಕ್ಕಿಂತ ಹಳೆಯ ರೂಢಿಯೊಂದಿದೆ. ಕಂದು ಜಿಗಿಹುಳ ಬರೋ ಕಡೆ ನಾಟಿ ಮಾಡುವಾಗ ಎರಡು ಮೂರು ಮೀಟರಿಗೊಂದು ಸಲ ಸುಮಾರು 30 ಸೆಂಟಿಮೀಟರ್ ಓಣಿ ಬಿಡಿ, ಯೂರಿಯಾ ಕಡಿಮೆ ಮಾಡಿ ಅಂತ ಕೃಷಿ ಇಲಾಖೆಯವರು ಹೇಳುತ್ತಾರೆ. ಜಿಗಿಹುಳ ಇರೋದು ಬುಡದಲ್ಲಿ, ಹಾಗಾಗಿ ಅಲ್ಲಿಗೆ ಗಾಳಿ, ಬಿಸಿಲು, ಔಷಧಿ ತಲುಪಲಿ ಅನ್ನೋದು ಲೆಕ್ಕ. ಈ ಓಣಿ ಬಂದಿದ್ದು ಫೈಟೋಕ್ರೋಮ್ ಓದಿ ಅಲ್ಲ. ಜಿಗಿಹುಳ ಎಲೆ ಕಡಿಯಲ್ಲ, ರಸ ಹೀರತ್ತೆ, ಅದರ ವಿರುದ್ಧ ಗಿಡ ಹೂಡುವ ಯುದ್ಧದ ರೀತಿಯೂ ಬೇರೆ. ಇದನ್ನು ಹೇಳಿದ್ದು ಯಾಕಂದ್ರೆ, ಬಿಸಿಲು ಒಳಗೆ ಬಿಡೋದು ನಮ್ಮವರಿಗೆ ಹೊಸದೇನಲ್ಲ.

ಗಾಜಿನಾಚೆ ಉಳಿಯುವ ಬೆಳಕು

ಬಿಸಿಲಿನಲ್ಲಿ ಇನ್ನೊಂದು ಸುದ್ದಿವಾಹಕ ಇದೆ: ಅಲ್ಟ್ರಾವಯೊಲೆಟ್ ಬಿ, 280ರಿಂದ 315 ನ್ಯಾನೋಮೀಟರ್. ನಮ್ಮ ಚರ್ಮ ಸುಡೋದು ಮುಖ್ಯವಾಗಿ ಇದರಿಂದ. ಅರ್ಜೆಂಟೀನಾದ ಸೋಯಾ ಹೊಲಗಳಲ್ಲಿ ಎರಡು ಥರದ ಪ್ಲಾಸ್ಟಿಕ್ ಹಾಳೆ ಕಟ್ಟಿದರು, ಒಂದು ಈ ಕಿರಣವನ್ನು ಬಿಡತ್ತೆ, ಇನ್ನೊಂದು ತಡೆಯತ್ತೆ. ಕಿರಣ ತಡೆದ ಕಡೆ ಥ್ರಿಪ್ಸ್ ಕಾಟ ಜಾಸ್ತಿ. ಎಲೆ ತಿನ್ನುವ ಹುಳಕ್ಕೂ ಕಿರಣ ಕಾಣದ ಎಲೆಯೇ ಇಷ್ಟ. ಗಿಡ ಈ ಕಿರಣವನ್ನು ಗುರುತಿಸೋದು ಯುವಿಆರ್8 ಅನ್ನೋ ಪ್ರೋಟೀನ್‌ನಿಂದ ಅಂತ 2011ರಲ್ಲಿ ಖಚಿತವಾಯಿತು. ಕಿರಣ ಬಿದ್ದಾಗ ಜೋಡಿಯಾಗಿರುವ ಈ ಪ್ರೋಟೀನ್ ಎರಡಾಗಿ ಬಿಚ್ಚಿಕೊಂಡು ಕೆಲಸ ಶುರು ಮಾಡತ್ತೆ. ಎಲೆಯಲ್ಲಿ ತಯಾರಾಗುವ ಫೀನಾಲಿಕ್ ವಸ್ತುಗಳು ಗಿಡಕ್ಕೆ ಸನ್‌ಸ್ಕ್ರೀನ್, ಜೊತೆಗೆ ಅವುಗಳಲ್ಲಿ ಕೆಲವು ಹುಳಕ್ಕೆ ರುಚಿ ಕೆಡಿಸುತ್ತವೆ.

ಸಾಮಾನ್ಯ ಗಾಜು ಈ ಕಿರಣವನ್ನು ಒಳಗೆ ಬಿಡಲ್ಲ, ಪಾಲಿಹೌಸಿನ ಹಲವು ಹಾಳೆಗಳೂ ಬಿಡಲ್ಲ. ಕಿಟಕಿಯೊಳಗೆ ಬೆಳೆದ ಗಿಡ ಒಂದು ರೀತಿಯಲ್ಲಿ ಎಸಿ ರೂಮಿನಲ್ಲಿ ಬೆಳೆದ ನಮ್ಮ ಥರ. ಹಾಗಾದರೆ ಪಾಲಿಹೌಸಿಗೆ ಈ ಕಿರಣ ಬಿಡೋ ಹಾಳೆ ಹಾಕಿದರೆ ಮುಗೀತಲ್ಲ? ಅಲ್ಲೇ ಕಥೆ ತಿರುಗೋದು. ಬಿಳಿನೊಣದಂಥ ಕೀಟಗಳು ದಾರಿ ಹುಡುಕೋದು ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ. 1990ರ ದಶಕದಲ್ಲಿ ಇಸ್ರೇಲಿನಲ್ಲಿ ಅಲ್ಟ್ರಾವಯೊಲೆಟ್ ತಡೆಯುವ ಹಾಳೆ ಹೊದಿಸಿದ ಮನೆಗಳೊಳಗೆ ಬಿಳಿನೊಣ ಕಡಿಮೆಯಾಯಿತು, ಅದು ಹರಡುವ ಟೊಮೆಟೊ ಎಲೆ ಮುದುಡು ರೋಗವೂ ಕಡಿಮೆಯಾಯಿತು. ಅದೇ ಬೆಳಕು ಗಿಡಕ್ಕೆ ಆಯುಧ, ಹುಳಕ್ಕೆ ಟಾರ್ಚ್. ಯಾವುದು ಗೆಲ್ಲತ್ತೆ ಅನ್ನೋದು ಯಾವ ಹುಳ ಅನ್ನೋದರ ಮೇಲೆ ನಿಂತಿದೆ.

ಚಿಕ್ಕಮಗಳೂರಿನವರು ಇಷ್ಟು ಹೊತ್ತಿಗೆ ನಗ್ತಿರ್ತೀರಿ. ಕಾಫಿ ತೋಟದಲ್ಲಿ ಎಲ್ಲವೂ ಉಲ್ಟಾ. ಅರೇಬಿಕಾ ಕಾಫಿಯ ದೊಡ್ಡ ಶತ್ರು ಬಿಳಿ ಕಾಂಡಕೊರಕ. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದುಂಬಿ ಹಾರುತ್ತದೆ, ಚುರುಕಾಗಿರೋದು ಒಳ್ಳೆ ಬಿಸಿಲಿನಲ್ಲಿ, ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಕಾಂಡದೊಳಗೆ ಸುರಂಗ ಕೊರೆಯತ್ತೆ, ಒಳಗೆ ಹೋದ ಮೇಲೆ ಮದ್ದಿಲ್ಲ, ಗಿಡ ಕಿತ್ತು ಸುಡಬೇಕು. ಹಾಗಾಗಿ ಹಾಲುವಾಣ ಮತ್ತು ಎತ್ತರದ ಮರಗಳ ನೆರಳನ್ನು ಸರಿಯಾಗಿ ಇಟ್ಟುಕೊಳ್ಳೋದು ಇಲ್ಲಿ ಮೊದಲ ಸಲಹೆ. ಹಾಗಂತ ನೆರಳು ವಿಪರೀತ ದಟ್ಟವಾದರೆ ಕಾಯಿಕೊರಕಕ್ಕೆ ಹಬ್ಬ. ಬಿಸಿಲು ಒಳ್ಳೆಯದಾ ನೆರಳು ಒಳ್ಳೆಯದಾ ಅಂತ ಕೇಳಿದರೆ ಬೆಳೆಗಾರರು ಕೇಳೋ ಮರುಪ್ರಶ್ನೆ ಇದು: ಯಾವ ಕೊರಕಕ್ಕೆ?

ಗಡಿಯಾರ

ಬೆಳಕು ಕೊಡುವ ಸುದ್ದಿಯಲ್ಲಿ ಟೈಮ್ ಕೂಡ ಸೇರಿದೆ. ಹೂಸ್ಟನ್‌ನ ರೈಸ್ ಯೂನಿವರ್ಸಿಟಿಯಲ್ಲಿ (ಅಕ್ಕಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಸ್ಥಾಪಕರ ಹೆಸರು) ಡೇನಿಯಲ್ ಗುಡ್‌ಸ್ಪೀಡ್, ಜಾನೆಟ್ ಬ್ರಾಮ್ ಮತ್ತಿತರರು 2012ರಲ್ಲಿ ಅರಬಿಡಾಪ್ಸಿಸ್ ಗಿಡಗಳನ್ನೂ ಎಲೆಕೋಸಿನ ಲೂಪರ್ ಹುಳಗಳನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿ ಹಗಲು-ರಾತ್ರಿಗೆ ಒಗ್ಗಿಸಿದರು. ಕೆಲವು ಗಿಡಗಳಿಗೆ ಹುಳದ ಹಗಲೇ ಹಗಲು. ಕೆಲವಕ್ಕೆ ತದ್ವಿರುದ್ಧ, ಹುಳದ ಹಗಲು ಗಿಡದ ರಾತ್ರಿ. ಆಮೇಲೆ ಒಟ್ಟಿಗೆ ಬಿಟ್ಟರೆ, ಸಮಯ ಹೊಂದಿದ ಗಿಡಗಳು ಬಹುಪಾಲು ಉಳಿದವು, ಹೊಂದದವು ಚಿಂದಿ. ಗಿಡದ ಜಾಸ್ಮೋನೇಟ್ ಮಟ್ಟ ಏರೋದು ಹಗಲ ನಡುವೆ, ಲೂಪರ್ ಜೋರಾಗಿ ತಿನ್ನೋ ಹೊತ್ತಿಗೆ ಸರಿಯಾಗಿ. ಹುಳ ಕಡಿಯೋಕೆ ಮೊದಲೇ ಗಿಡ ಕಾಯ್ತಾ ಇರತ್ತೆ.

ಹತ್ತಿ ಗಿಡವೂ ಹೊತ್ತು ನೋಡಿಕೊಂಡೇ ಕೆಲಸ ಮಾಡೋದು. ಹುಳ ಕಡಿದ ಹತ್ತಿ ಗಿಡ ಕೆಲವು ವಾಸನೆಗಳನ್ನು ಬಿಡುತ್ತದೆ, ಅದು ಹಗಲಿನಲ್ಲಿ ಏರಿ ರಾತ್ರಿ ಇಳಿಯತ್ತೆ ಅಂತ 1994ರಲ್ಲಿ ತೋರಿಸಿದರು. ಆ ಥರದ ವಾಸನೆ ಹಿಡಿದು ಬರೋದು ಹುಳದ ಮೈಯಲ್ಲಿ ಮೊಟ್ಟೆ ಇಡುವ ಪರಾವಲಂಬಿ ಕಣಜಗಳು, ಅವು ಹಾರೋದೂ ಹಗಲಿನಲ್ಲೇ. ಸಹಾಯಕ್ಕೆ ಕೂಗಿದರೆ ಯಾರಾದರೂ ಎಚ್ಚರ ಇರುವಾಗ ಕೂಗಬೇಕಲ್ಲ.

ರೈಸ್‌ನವರು ಮರುವರ್ಷ ಮಾಡಿದ್ದು ಇನ್ನೂ ತಮಾಷೆಯಾಗಿದೆ. ಅಂಗಡಿಯಿಂದ ತಂದ ಎಲೆಕೋಸಿಗೇ ಹಗಲು-ರಾತ್ರಿ ತೋರಿಸಿದರು. ಕಿತ್ತು ಎಷ್ಟೋ ದಿನ ಆಗಿದ್ದರೂ ಅದರ ಗಡಿಯಾರ ಮತ್ತೆ ಓಡಿತು. ಹುಳದ ಸಮಯಕ್ಕೆ ಹೊಂದಿಸಿದ ಎಲೆಕೋಸನ್ನು ಲೂಪರ್ ಕಡಿಮೆ ತಿಂತು. ಫ್ರಿಡ್ಜ್ ಬಾಗಿಲು ಹಾಕಿದ ಮೇಲೆ ನಾವು ತಂದಿಟ್ಟ ಎಲೆಕೋಸಿಗೆ ಬರೀ ರಾತ್ರಿ. ಪಾಪ ಅನಿಸಲ್ವಾ?

ಕೊನೆಗೆ ಓದುಗರಿಗೆ ಒಂದು ಕೆಲಸ. ಮನೆಯಲ್ಲಿ ಮೆಕ್ಕೆಜೋಳ ಇರೋರು ಈ ಮುಂಗಾರಿನಲ್ಲಿ ಊರಿಗೆ ಹೋದಾಗ ಎಣಿಸಿ ನೋಡಿ. ಬದುವಿನ ಪಕ್ಕದ ಸಾಲು ಬೇಡ, ಹೊರಗಿಂದ ಬರುವ ಹುಳ ಮೊದಲು ಇಳಿಯೋದು ಅಲ್ಲೇ, ಲೆಕ್ಕ ಕೆಡತ್ತೆ. ಹೊಲದ ನಡುವೆ, ಮೊಳಕೆ ಸರಿಯಾಗಿ ಬಾರದೆ ಸಾಲು ತೆಳುವಾದ ಜಾಗದಲ್ಲಿ 20 ಗಿಡ, ಒತ್ತಾಗಿರುವ ಜಾಗದಲ್ಲಿ 20 ಗಿಡ ಆರಿಸಿಕೊಳ್ಳಿ. ಒಂದೇ ದಿನ ಎರಡೂ ಕಡೆ ತೂತು ಬಿದ್ದ ಎಲೆಗಳನ್ನು ಎಣಿಸಿ, ಕಾಂಡ ಎಷ್ಟು ಎತ್ತರ ಅಂತ ಅಳೆಯಿರಿ. ಬಿತ್ತಿ ಎಷ್ಟು ದಿನ ಆಯಿತು, ಔಷಧಿ ಹೊಡೆದಿದ್ದರೆ ಯಾವಾಗ ಅನ್ನೋದನ್ನೂ ಬರೆದುಕೊಳ್ಳಿ. ಹತ್ತು ಹೊಲದ ಲೆಕ್ಕ ಸಿಕ್ಕರೂ ಮುಂದಿನ ಸಂಚಿಕೆಯಲ್ಲಿ ಗ್ರಾಫ್ ಹಾಕ್ತೀವಿ. ಎರಡೂ ಕಡೆ ಸಮ ಬಂದರೂ ಕಳಿಸಿ, ಅದನ್ನೂ ಹಾಕ್ತೀವಿ.